ಪುಕ್ಕಟೆ ಮರಳು, ಬೂದಿಯ ಇಟ್ಟಿಗೆ: ತಾರಿಹಾಳದಲ್ಲಿ ಕಂಡು ಕೇಳಿದ್ದು

ಸದಸ್ಯ ಬಾಂಧವರ ಗಮನಕ್ಕೆ ಮೊದಲು ಒಂದು ವಿನಂತಿ. ಹುಬ್ಬಳ್ಳಿಯಿಂದ ಮರಳುವ ಲಾರಿಗಳಲ್ಲಿ ಕಪ್ಪು ಬಣ್ಣದ ನುಣುಪು ಮರಳನ್ನು ತಂದು, "ಮರಳಿಗೆ ದುಡ್ಡಿಲ್ಲ, ಬಾಡಿಗೆ ಅಷ್ಟು ಕೊಟ್ಟರೆ ಸಾಕು" ಎಂದು ಯಾರಾದರೂ ನಿಮ್ಮ ಮನೆಯ ಅಂಗಳದಲ್ಲಿ ಸುರಿಯಲು ಬಂದರೆ, ಈ ಲೇಖನವನ್ನು ಓದಿ ಮುಗಿಸುವವರೆಗೆ ದಯವಿಟ್ಟು ಸುರಿಸಿಕೊಳ್ಳಬೇಡಿ. ಕಳೆದ ಕೊಯ್ಲಿನ ಸಮಯದಲ್ಲಿ ನಮ್ಮ ಸದಸ್ಯರ ಪೈಕಿ ಮೂವರು ಹೀಗೆ ಸುರಿಸಿಕೊಂಡರು. ಇಬ್ಬರು ಹೊಸ ಕಣದ ತಗ್ಗು ತುಂಬಿಸಿದರು. ಇನ್ನೊಬ್ಬರು ಬಾವಿಕಟ್ಟೆಯ ಸುತ್ತಲಿನ ಕೆಸರಿಗೆ ಹರಡಿದರು. ವಿಷಯ ಸಂಘದ ಕಚೇರಿಗೆ ಬಂದಾಗ, "ಸೆಕ್ರೆಟರಿಯವರೇ, ಪುಕ್ಕಟೆ ಬಂದದ್ದನ್ನು ಬೇಡ ಎನ್ನುವುದು ಹೇಗೆ? ನೋಡಲು ಒಳ್ಳೇ ಮರಳು" ಎಂದರು. ಅದು ಎಲ್ಲಿಯ ಮರಳು, ಅದರಲ್ಲಿ ಏನಿದೆ ಎಂದು ಕೇಳಿದರೆ ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

ಅದೇ ವೇಳೆಗೆ ನಮ್ಮ ಸಂಘದ ಉಗ್ರಾಣವನ್ನು ವಿಸ್ತರಿಸುವ ಪ್ರಸ್ತಾಪವೂ ಕಮಿಟಿಯ ಮುಂದಿತ್ತು. ಬೂದಿಯ ಇಟ್ಟಿಗೆ ಅಗ್ಗವೆಂದು ಕೆಲವರು, ಬೂದಿಯ ಸಹವಾಸವೇ ಬೇಡವೆಂದು ಹಲವರು. ಬೇಡವೆಂದವರ ಮಾತಿಗೆ ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ಉಗ್ರಾಣದ ಹಿಂಬದಿಯ ಗೋಡೆಗೆ ನಾವೇ ಬೂದಿಯ ಇಟ್ಟಿಗೆ ತರಿಸಿದ್ದೆವು. ದರ ಕಡಿಮೆ ಇತ್ತು, ಅಂಚು ಚೂಪಾಗಿತ್ತು, ನೋಡಲು ಚೆಂದವಿತ್ತು. ಮೊದಲ ಮಳೆಗಾಲ ಮುಗಿಯುವುದರೊಳಗೆ ಮೂಲೆಗಳು ಉದುರಿದವು, ಗಿಲಾವು ಹಾಳೆಹಾಳೆಯಾಗಿ ಎದ್ದಿತು, ಒಳಗೆ ಪೇರಿಸಿದ್ದ ಚಾಲಿಯ ಚೀಲಗಳಿಗೆ ತೇವ ತಗಲಿತು. ಬೂದಿಯನ್ನು ಬೈದೆವು. ಬೂದಿಯ ತಪ್ಪೋ, ಮಾಡಿದವರ ತಪ್ಪೋ, ಕೇಳದೆ ಕೊಂಡ ನಮ್ಮ ತಪ್ಪೋ ಎಂದು ವಿಚಾರಿಸಲಿಲ್ಲ. ಈ ಸಲ ವಿಚಾರಿಸಿಯೇ ಮುಂದಿನ ಹೆಜ್ಜೆ ಇಡೋಣವೆಂದು ಕಮಿಟಿ ನಿರ್ಣಯಿಸಿದ್ದರಿಂದ ಕಲಘಟಗಿ ಮಾರ್ಗವಾಗಿ ಹುಬ್ಬಳ್ಳಿಗೆ ಹೋಗಿ, ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ಒಂದು ದಿನ ಓಡಾಡಿ ಬಂದೆವು. ಅಲ್ಲಿ ಕಂಡದ್ದನ್ನೂ, ಆಮೇಲೆ ಬಲ್ಲವರಿಂದ ಮತ್ತು ಪುಸ್ತಕಗಳಿಂದ ತಿಳಿದದ್ದನ್ನೂ ಇಲ್ಲಿ ನಿವೇದಿಸುತ್ತಿದ್ದೇವೆ.

ಮರಳಿನ ಮೂಲ

ಕಪ್ಪು ಮರಳಿನ ಮೂಲ ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅದು ಎರಕದ ಕಾರ್ಖಾನೆಯ ಅಚ್ಚಿನ ಮರಳು. ಕರಗಿದ ಕಬ್ಬಿಣವನ್ನು ಹೊಯ್ಯಲು ಮರಳಿನಲ್ಲಿ ಅಚ್ಚು ಮಾಡುತ್ತಾರೆ. ಮರಳು ಅಚ್ಚಿನ ಆಕಾರದಲ್ಲಿ ನಿಲ್ಲಲು ಬೆಂಟೊನೈಟ್ ಎಂಬ ಜೇಡಿಯನ್ನೂ ಕಲ್ಲಿದ್ದಲ ಪುಡಿಯನ್ನೂ ಸೇರಿಸುತ್ತಾರೆ. ಕೆಲವು ಕಡೆ ರಾಳದಂಥ ರಾಸಾಯನಿಕ ಅಂಟನ್ನು ಬಳಸುತ್ತಾರೆ. ಅದೇ ಮರಳನ್ನು ಮತ್ತೆ ಮತ್ತೆ ಬಳಸಿ, ಸುಟ್ಟು ಸುಟ್ಟು ಅದು ಕೆಲಸಕ್ಕೆ ಬಾರದಂತಾದಾಗ ಹೊರಗೆ ಹಾಕುತ್ತಾರೆ. ಎರಕದ ಉದ್ಯಮಕ್ಕೆ ಹೆಸರಾದ ಬೆಳಗಾವಿಯಲ್ಲಿಯೂ ಇದೇ ಸಮಸ್ಯೆ. ಹಾಕಲು ಜಾಗ ಬೇಕು, ಸಾಗಿಸಲು ಖರ್ಚು ಬೇಕು. ಪುಕ್ಕಟೆಯ ಗುಟ್ಟು ಇದೇ: ಅದನ್ನು ಒಯ್ಯುವವರಿಂದ ಕಾರ್ಖಾನೆಯವರಿಗೆ ಉಪಕಾರವಾಗುತ್ತದೆ.

ಹಾಗಾದರೆ ಅದು ವಿಷವೇ? ಎಲ್ಲಾ ಮರಳೂ ಅಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 2014ರಲ್ಲಿ ಇದನ್ನು ಕೂಲಂಕಷವಾಗಿ ಪರಿಶೀಲಿಸಿ, ಕಬ್ಬಿಣ, ಉಕ್ಕು ಮತ್ತು ಅಲ್ಯೂಮಿನಿಯಂ ಎರಕದಿಂದ ಬಂದ ಸಾಮಾನ್ಯ ಸಿಲಿಕಾ ಮರಳನ್ನು ರಸ್ತೆಯ ತಳಪಾಯ ಮುಂತಾದ ಕೆಲವು ಗೊತ್ತಾದ ಕೆಲಸಗಳಿಗೆ ಬಳಸಬಹುದೆಂದು ಹೇಳಿತು. ಆದರೆ ಹಿತ್ತಾಳೆ ಮತ್ತು ಕಂಚಿನ ಎರಕದ ಮರಳನ್ನು ಆ ಮಾತಿನಿಂದ ಹೊರಗಿಟ್ಟಿತು. ಅದರಲ್ಲಿ ಸೀಸ, ತಾಮ್ರ, ಸತುವುಗಳ ಅಂಶ ಉಳಿದಿರಬಹುದು. ಎರಡು ಮರಳನ್ನು ಅಕ್ಕಪಕ್ಕ ಇಟ್ಟರೆ ಕಣ್ಣಿನಿಂದ ಬೇರೆ ಮಾಡಲಾಗದು. ಲಾರಿಯವನಿಗಂತೂ ಎಲ್ಲವೂ ಮರಳೇ. ಆದುದರಿಂದ ಮೂಲದ ಚೀಟಿಯಿಲ್ಲದ ಮರಳನ್ನು ನಂಬುವಂತಿಲ್ಲ.

ಬೂದಿ ಕಲ್ಲಾಗುವ ಬಗೆ

ತಾರಿಹಾಳದ ಆಸುಪಾಸಿನಲ್ಲಿ ಬೂದಿಯ ಇಟ್ಟಿಗೆ ಮಾಡುವ ಒಂದು ಅಂಗಳಕ್ಕೂ ಹೋದೆವು. ನಮ್ಮ ಹಿಂದಿನ ಗೋಡೆಯ ಕಥೆಯನ್ನು ಹೇಳಿದಾಗ ಅಲ್ಲಿಯ ಮೇಸ್ತ್ರಿ ನಕ್ಕು ಹೇಳಿದ: "ಬೂದಿಗೆ ಏನೂ ಅಂಜಬ್ಯಾಡ್ರೀ ಸಾಹೇಬ್ರ. ಮೂರು ವಾರ ನೀರು ಕುಡಿಸಿದ್ರ ಇಟ್ಟಂಗಿ ಕಲ್ಲಾಗತೈತಿ. ನಾಕು ದಿನಕ್ಕ ಲಾರಿ ಏರಿಸಿದ್ರ ನಿಮ್ಮ ಕಡೆ ಮಳಿಗೆ ನಿಲ್ಲಂಗಿಲ್ಲ." ನಮಗೆ ಬೇಕಾಗಿದ್ದ ಉತ್ತರದ ಮುಕ್ಕಾಲು ಪಾಲು ಇಷ್ಟರಲ್ಲಿಯೇ ಇತ್ತು. ಇದರ ಹಿಂದಿನ ಕಾರಣವನ್ನು ಸ್ವಲ್ಪ ವಿವರಿಸುವುದು ಅವಶ್ಯ.

ಹಾರುಬೂದಿ ಎಂದರೆ ವಿದ್ಯುತ್ ಸ್ಥಾವರಗಳಲ್ಲಿ ಪುಡಿ ಮಾಡಿದ ಕಲ್ಲಿದ್ದಲನ್ನು ಉರಿಸಿದಾಗ ಹೊಗೆಯೊಡನೆ ಹಾರುವ ನುಣುಪು ಬೂದಿ. ಅದು ಚಿಮಣಿಯಿಂದ ಹೊರಹೋಗದಂತೆ ವಿದ್ಯುತ್ ಸಾಧನಗಳಿಂದ ಹಿಡಿದು ಸಂಗ್ರಹಿಸುತ್ತಾರೆ. ಕಲ್ಲಿದ್ದಲಿನೊಳಗೆ ಬೆರೆತಿದ್ದ ಜೇಡಿಮಣ್ಣೇ ಬೆಂಕಿಯಲ್ಲಿ ಸುಟ್ಟು ಹೀಗೆ ಬೂದಿಯಾಗುತ್ತದೆ. ಸುಟ್ಟ ಜೇಡಿಗೂ ಸುಣ್ಣಕ್ಕೂ ಇರುವ ನಂಟು ನಮ್ಮ ಹಿರಿಯರಿಗೆ ಗೊತ್ತಿದ್ದ ಸಂಗತಿ. ಸುಟ್ಟ ಇಟ್ಟಿಗೆಯ ಪುಡಿಯನ್ನು ಸುಣ್ಣದೊಡನೆ ಅರೆದು ಮಾಡುತ್ತಿದ್ದ ಸುರ್ಕಿ ಗಾರೆಯಿಂದಲೇ ಹಳೆಯ ಬಾವಿಗಳನ್ನೂ ದೇವಸ್ಥಾನಗಳನ್ನೂ ಕಟ್ಟಿದರು. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ್ದೂ ಸುರ್ಕಿ ಗಾರೆಯಲ್ಲಿಯೇ. ಕಾವೇರಿಯ ನೀರನ್ನು ಅದು ಇಂದಿಗೂ ತಡೆದು ನಿಲ್ಲಿಸಿದೆ. ಹಾರುಬೂದಿಯ ಇಟ್ಟಿಗೆಯಲ್ಲಿ ನಡೆಯುವುದೂ ಅದೇ ಕ್ರಿಯೆ. ಬೂದಿಯಲ್ಲಿರುವ ಸಿಲಿಕಾ ಅಂಶವು ಸುಣ್ಣದೊಡನೆ ಅಥವಾ ಸಿಮೆಂಟಿನಿಂದ ಬಿಡುಗಡೆಯಾಗುವ ಸುಣ್ಣದೊಡನೆ, ನೀರಿನ ಸಮ್ಮುಖದಲ್ಲಿ, ನಿಧಾನವಾಗಿ ಕೂಡಿ ಗಟ್ಟಿಯಾಗುತ್ತದೆ.

"ನೀರಿನ ಸಮ್ಮುಖದಲ್ಲಿ" ಮತ್ತು "ನಿಧಾನವಾಗಿ" ಎಂಬ ಎರಡು ಮಾತುಗಳನ್ನು ಸದಸ್ಯರು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಸಾಮಾನ್ಯವಾಗಿ ನೂರು ಪಾಲಿನಲ್ಲಿ ಬೂದಿ 50ರಿಂದ 60, ಕಲ್ಲುಪುಡಿ ಅಥವಾ ಮರಳು ಸುಮಾರು 30, ಉಳಿದದ್ದು ಸಿಮೆಂಟ್ ಅಥವಾ ಸುಣ್ಣ ಮತ್ತು ಜಿಪ್ಸಂ. ಯಂತ್ರದಿಂದ ಒತ್ತಿ ತೆಗೆದ ದಿನವೇ ಅದು ಇಟ್ಟಿಗೆಯಂತೆ ಕಾಣುತ್ತದೆ. ಎರಡು ಮೂರು ವಾರ ತಪ್ಪದೆ ನೀರುಣಿಸಿ, ಒಟ್ಟು 28 ದಿನಗಳಾದರೂ ಕಳೆದ ಮೇಲೆಯೇ ಅದು ನಿಜವಾಗಿ ಇಟ್ಟಿಗೆಯಾಗುವುದು. ಹಿಂದೆ ನಮಗೆ ಬಂದದ್ದು ನೋಟಕ್ಕೆ ಮಾತ್ರ ಇಟ್ಟಿಗೆಯಾಗಿದ್ದ ಮಾಲು. ಹಸಿ ಅಡಿಕೆಯನ್ನು ಮೂರು ದಿನ ಒಣಗಿಸಿ ಚಾಲಿಯೆಂದು ಮಾರಿದರೆ ಹೇಗೋ ಹಾಗೆ.

ಬೂದಿಯಲ್ಲಿಯೂ ಭೇದವಿದೆ. ಒಣಗಿದ್ದಾಗಲೇ ಹಿಡಿದ ಹಾರುಬೂದಿ ಉತ್ತಮ. ನೀರಿನೊಡನೆ ಕೊಳಕ್ಕೆ ಹರಿಸಿದ ಬೂದಿಯಲ್ಲಿ ಒಲೆಯ ಅಡಿಯ ದಪ್ಪ ಬೂದಿಯೂ ಬೆರೆತಿರುವುದರಿಂದ ಅದು ಸುಣ್ಣದೊಡನೆ ಅಷ್ಟು ಚೆನ್ನಾಗಿ ಕೂಡುವುದಿಲ್ಲ. ಕೊಳ್ಳುವಾಗ ಇದನ್ನೂ ಕೇಳಬೇಕು.

ನಮಗೇಕೆ ಈ ಉಸಾಬರಿ?

ಬೂದಿಯು ಕಾರ್ಖಾನೆಯವರ ತಲೆನೋವು, ನಮಗೆ ಚಿರೆಕಲ್ಲು ಇದೆಯಲ್ಲ ಎಂದು ಹಲವರು ಕೇಳಿದ್ದಾರೆ. ಮನೆಯ ಬಳಿಯಲ್ಲಿಯೇ ಒಳ್ಳೆಯ ಚಿರೆಕಲ್ಲು ಸಿಗುವವರು ಅದರಲ್ಲಿಯೇ ಕಟ್ಟಲಿ, ನಮ್ಮದು ತಕರಾರಿಲ್ಲ. ಆದರೆ ದೂರದಿಂದ ಸುಟ್ಟ ಇಟ್ಟಿಗೆ ತರಿಸುವವರು ಒಂದು ಲೆಕ್ಕ ಹಾಕಿ ನೋಡಬೇಕು. ಒಂದು ಇಟ್ಟಿಗೆಯ ತೂಕ ಸುಮಾರು 3 ಕಿಲೋ. ಸಣ್ಣ ಲೈನು ಮನೆಗೆ 10,000 ಇಟ್ಟಿಗೆ ಬೇಕಾದರೆ 30 ಟನ್ ಮಣ್ಣು. ಅದು ಯಾರದೋ ಹೊಲದ ಮೇಲ್ಮಣ್ಣು. ಒಂದು ಅಂಗುಲ ಮೇಲ್ಮಣ್ಣು ಕೂಡಲು ಶತಮಾನಗಳು ಬೇಕು. ಮಣ್ಣಿನ ಬೆಲೆ ಬೇಸಾಯಗಾರನಿಗೆ ತಿಳಿಯದಿದ್ದರೆ ಇನ್ನಾರಿಗೆ ತಿಳಿದೀತು? ಭಟ್ಟಿಗೆ ಬೇಕಾಗುವ ಸೌದೆ, ಕಲ್ಲಿದ್ದಲು ಬೇರೆ. ಅದೇ 10,000 ಬೂದಿಯ ಇಟ್ಟಿಗೆಗಳಲ್ಲಿ 15ರಿಂದ 18 ಟನ್ ಬೂದಿ ಶಾಶ್ವತವಾಗಿ ಬಂಧಿಯಾಗುತ್ತದೆ, ಭಟ್ಟಿಯ ಸುಡುವಿಕೆ ಇಲ್ಲ.

ಬೂದಿಗೆ ನಮ್ಮಲ್ಲಿ ಕೊರತೆಯೂ ಇಲ್ಲ. ಕೃಷ್ಣಾ ದಂಡೆಯ ಶಕ್ತಿನಗರದಲ್ಲಿ ರಾಯಚೂರು ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ 1985ರಲ್ಲಿ ಆರಂಭವಾಯಿತು. ಆಮೇಲೆ ಕುಡತಿನಿಯಲ್ಲಿ ಬಳ್ಳಾರಿ ಕೇಂದ್ರ ಬಂದಿತು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ನೂರಕ್ಕೆ 30ರಿಂದ 45 ಪಾಲು ಬೂದಿಯೇ. ಕೇಂದ್ರ ಸರ್ಕಾರವು 1999ರ ಸೆಪ್ಟೆಂಬರಿನಲ್ಲಿ ಮೊದಲ ಬಾರಿಗೆ ಬೂದಿಯ ಬಳಕೆಯನ್ನು ಕಡ್ಡಾಯ ಮಾಡುವ ಅಧಿಸೂಚನೆ ಹೊರಡಿಸಿತು. 2021ರ ಡಿಸೆಂಬರ್ 31ರ ಅಧಿಸೂಚನೆಯಲ್ಲಿ ಎಲ್ಲಾ ಬೂದಿಯನ್ನೂ ಬಳಸಲೇಬೇಕೆಂದು, ಬಳಸದೆ ಉಳಿದ ಪ್ರತಿ ಟನ್ನಿಗೆ 1,000 ರೂಪಾಯಿ ಪರಿಸರ ಪರಿಹಾರ ತೆರಬೇಕೆಂದು ಗೊತ್ತುಮಾಡಿತು. ಹೊಸಪೇಟೆಯ ಆಚೆಗಿನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಿಟ್ಟದ ಕಥೆಯೂ ಇಂಥದೇ. ಊದುಕುಲುಮೆಯಿಂದ ಬಂದ ಕಿಟ್ಟವನ್ನು ನೀರಿನಿಂದ ಥಟ್ಟನೆ ತಣಿಸಿ ನುಣ್ಣಗೆ ಬೀಸಿದರೆ ಸಿಮೆಂಟಿನಲ್ಲಿ ಬೆರೆಸಬಹುದು. ಅಂಗಡಿಯಲ್ಲಿ ಸಿಗುವ ಪೊಜೊಲಾನಾ ಸಿಮೆಂಟಿನಲ್ಲಿ ನೂರಕ್ಕೆ 15ರಿಂದ 35 ಪಾಲು ಹಾರುಬೂದಿಯೂ, ಸ್ಲ್ಯಾಗ್ ಸಿಮೆಂಟಿನಲ್ಲಿ 25ರಿಂದ 70 ಪಾಲು ಕಿಟ್ಟವೂ ಇರಬಹುದೆಂದು ಭಾರತೀಯ ಮಾನಕವೇ ಒಪ್ಪಿದೆ. ಅಂದರೆ ಬೂದಿ ಬೇಡವೆನ್ನುವವರ ಮನೆಯ ಗೋಡೆಯಲ್ಲಿಯೂ ಬೂದಿ ಈಗಾಗಲೇ ಸೇರಿರುವ ಸಂಭವವೇ ಹೆಚ್ಚು.

ಎಲ್ಲಾ ರಾಶಿಯೂ ಒಂದಲ್ಲ

ಇಷ್ಟು ಓದಿ ಎಲ್ಲಾ ಕಾರ್ಖಾನೆಯ ಕಸವನ್ನೂ ಮನೆಗೆ ತರಬಹುದೆಂದು ತಿಳಿಯಬಾರದು. ಬೆಳಗಾವಿಯ ಅಲ್ಯೂಮಿನಾ ಕಾರ್ಖಾನೆಯಲ್ಲಿ ಬಾಕ್ಸೈಟಿನಿಂದ ಅಲ್ಯೂಮಿನಾ ತೆಗೆದ ಮೇಲೆ ಉಳಿಯುವ ಕೆಂಪು ಕೆಸರು ನೋಡಲು ನಮ್ಮ ತೋಟದ ಕೆಂಪು ಮಣ್ಣಿನಂತೆಯೇ ಇದೆ. ಆದರೆ ಅದರಲ್ಲಿ ಕಾಸ್ಟಿಕ್ ಸೋಡಾದ ಕ್ಷಾರ ಉಳಿದಿರುತ್ತದೆ. ಹಂಗೇರಿಯ ಅಯ್ಕಾದಲ್ಲಿ 2010ರ ಅಕ್ಟೋಬರ್ 4ರಂದು ಇಂಥ ಕೆಸರಿನ ಕಟ್ಟೆಯೊಡೆದು ಹತ್ತು ಮಂದಿ ಸತ್ತರು, ಹಲವರ ಚರ್ಮ ಸುಟ್ಟಿತು. ಅದೇ ಕೆಸರು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಅಳತೆಯಂತೆ ಸೇರಿದಾಗ ಕಬ್ಬಿಣದ ಅಂಶ ಒದಗಿಸುವ ಉಪಯುಕ್ತ ವಸ್ತು. ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದರೂ ಅಲ್ಲಿಯ ಸೈನೈಡ್ ದಿಬ್ಬಗಳು ಹಾಗೆಯೇ ಉಳಿದಿವೆ. ಗಾಳಿ ಬೀಸಿದಾಗ ದೂಳು ಊರಿನ ಮೇಲೆ ಬೀಳುತ್ತದೆ. ನಾವು ಹಾಕುವ ರಂಜಕ ಗೊಬ್ಬರದ ಮೂಲವಾದ ಫಾಸ್ಫಾರಿಕ್ ಆಮ್ಲವನ್ನು ಒಂದು ಟನ್ ತಯಾರಿಸುವಾಗ ಸುಮಾರು 5 ಟನ್ ಫಾಸ್ಫೋಜಿಪ್ಸಂ ಉಳಿಯುತ್ತದೆ. ಅದರಲ್ಲಿ ರೇಡಿಯಂ ಅಂಶ ಇರಬಹುದಾದ್ದರಿಂದ, ಕಟ್ಟಡ ಸಾಮಗ್ರಿಗೆ ಬಳಸಲು ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಮಿತಿ ವಿಧಿಸಿದೆ.

ನಮ್ಮ ಮನೆಗಳಲ್ಲಿಯೇ ಇರುವ ಒಂದು ಅಪಾಯವನ್ನೂ ಹೇಳಬೇಕು. ಹಳೆಯ ಕಲ್ನಾರು ಶೀಟುಗಳು ಒಡೆದಾಗ ಅವನ್ನು ಜಜ್ಜಿ ಅಂಗಳಕ್ಕೆ, ದಾರಿಗೆ ತುಂಬಿಸುವ ರೂಢಿ ಕೆಲವೆಡೆ ಇದೆ. ಕಲ್ನಾರಿನ ಎಲ್ಲಾ ಬಗೆಗಳೂ ಕ್ಯಾನ್ಸರ್ ತರುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಶೀಟು ಇಡಿಯಾಗಿದ್ದಾಗ ನಾರು ಸಿಮೆಂಟಿನಲ್ಲಿ ಹುದುಗಿರುತ್ತದೆ. ಜಜ್ಜಿದಾಗ ಗಾಳಿಗೆ ಏರಿ ಶ್ವಾಸಕೋಶ ಸೇರುತ್ತದೆ. ಆದುದರಿಂದ ಜಜ್ಜಬೇಡಿ, ಕೊರೆಯಬೇಡಿ. ಇಳಿಸುವುದಾದರೆ ನೀರು ಹಾಕಿ, ಇಡಿಯಾಗಿ ಇಳಿಸಿ.

ಈ ಉದಾಹರಣೆಗಳಿಂದ ತಿಳಿಯುವ ಸೂತ್ರ ಒಂದೇ: ಖನಿಜದ ಕಸವು ಬಂಧಿಯಾಗಿದ್ದರೆ ಉಪಯೋಗಿ, ಬಿಡಿಯಾಗಿದ್ದರೆ ಉಪದ್ರವಿ. ಹಾರುಬೂದಿಯಲ್ಲಿಯೂ ಆರ್ಸೆನಿಕ್, ಕ್ರೋಮಿಯಂ, ಬೋರಾನ್ ಮುಂತಾದವು ಅಲ್ಪ ಪ್ರಮಾಣದಲ್ಲಿವೆ. ಗಟ್ಟಿಯಾದ ಇಟ್ಟಿಗೆಯಲ್ಲಿ ಅವು ಹೊರಬರುವುದು ಬಹಳ ಕಡಿಮೆ. ಅದೇ ಬೂದಿಯನ್ನು ಬಿಡಿಯಾಗಿ ಹರಡಿದರೆ ಮಳೆನೀರು ಅವನ್ನು ತೊಳೆದು ಕೆಳಕ್ಕೆ ಒಯ್ಯುತ್ತದೆ. ಮಳೆ ಎಂದರೆ ನಮ್ಮಲ್ಲಿ ಎಂಥ ಮಳೆ ಎಂಬುದನ್ನು ಹೇಳಬೇಕಾಗಿಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಹಾರುಬೂದಿ, ಕೆಂಪು ಕೆಸರು, ಕಿಟ್ಟ, ಫಾಸ್ಫೋಜಿಪ್ಸಂಗಳನ್ನು ಅಪಾಯಕಾರಿ ವರ್ಗದಿಂದ ಹೊರಗಿಟ್ಟು, ಅವುಗಳಿಗೆ ಬೇರೆ ಮಾರ್ಗಸೂಚಿಗಳಿರಬೇಕೆಂದು ಹೇಳಿದೆ. ಹೊರಗಿಟ್ಟಿದ್ದಾರೆಂಬ ಮಾತ್ರಕ್ಕೆ ಬಾವಿಯ ಪಕ್ಕ ಸುರಿಯಬಹುದೆಂದು ಅರ್ಥವಲ್ಲ.

"ಒಲೆಯ ಬೂದಿಯನ್ನು ಅಡಿಕೆ ಮರಕ್ಕೆ ಹಾಕುವುದಿಲ್ಲವೇ, ಇದನ್ನೇಕೆ ಹಾಕಬಾರದು?" ಎಂದು ಒಬ್ಬರು ಕೇಳಿದರು. ಒಲೆಯ ಬೂದಿ ಮರದ ಬೂದಿ. ಅದರಲ್ಲಿ ಪೊಟ್ಯಾಷ್, ಸುಣ್ಣ ಇವೆ. ಕಲ್ಲಿದ್ದಲ ಬೂದಿ ಮುಖ್ಯವಾಗಿ ಸುಟ್ಟ ಜೇಡಿ, ಪೊಟ್ಯಾಷ್ ಅತ್ಯಲ್ಪ. ಹೆಸರು ಒಂದೇ ಆದರೂ ಜಾತಿ ಬೇರೆ.

ಕಣ ಮತ್ತು ಬಾವಿ

ಪಟ್ಟಣದವರಿಗೆ ಇಲ್ಲದ ಒಂದು ಎಚ್ಚರ ನಮಗೆ ಬೇಕು. ನಮ್ಮ ಬೆಳೆ ನೆಲದ ಮೇಲೆಯೇ ಒಣಗುತ್ತದೆ. ಕಾಫಿ ಚೆರ್ರಿಯಾಗಲಿ ಪಾರ್ಚ್‌ಮೆಂಟ್ ಆಗಲಿ, ಅಡಿಕೆಯಾಗಲಿ, ಕಣದ ಮೈಯನ್ನು ವಾರಗಟ್ಟಲೆ ಮುಟ್ಟಿಕೊಂಡಿರುತ್ತದೆ. ಕೊನೆಗೆ ಅದು ಮನುಷ್ಯರ ಬಾಯಿಗೆ ಹೋಗುವ ಪದಾರ್ಥ. ಆದುದರಿಂದ ಕಣದ ಮೇಲ್ಮೈಗೆ ಒಳ್ಳೆಯ ಮರಳು, ಒಳ್ಳೆಯ ಸಿಮೆಂಟ್ ಹೊರತು ಬೇರೇನನ್ನೂ ಬಳಸಬಾರದು. ಉಕ್ಕಿನ ಕಿಟ್ಟದ ಜಲ್ಲಿಯನ್ನು ಕಣದ ತಳಕ್ಕೂ ಹಾಕುವುದು ಸರಿಯಲ್ಲ. ಅದರಲ್ಲಿ ಉಳಿದ ಸುಣ್ಣವು ನೀರು ಕುಡಿದು ಉಬ್ಬುವುದರಿಂದ, ಸರಿಯಾಗಿ ಹದಗೊಳ್ಳದ ಕಿಟ್ಟ ಹಾಕಿದ ನೆಲ ಒಂದೆರಡು ವರ್ಷಗಳಲ್ಲಿ ಎದ್ದು ಬಿರಿಯುತ್ತದೆ. ಬಾವಿ, ಕೆರೆ, ಹಳ್ಳ, ತೋಟದ ಕಾಲುವೆಗಳ ಬಳಿ ಯಾವ ಬಿಡಿ ಬೂದಿಯನ್ನೂ ಅಚ್ಚಿನ ಮರಳನ್ನೂ ಹಾಕಬಾರದು.

ಮೇಲೆ ಹೇಳಿದ ಮೂವರು ಸದಸ್ಯರ ಮರಳಿನ ಬಗ್ಗೆ: ಬಾವಿಕಟ್ಟೆಯದನ್ನು ಮಳೆಗೆ ಮುಂಚೆಯೇ, ಅಡಿಯ ಒಂದು ಗೇಣು ಮಣ್ಣಿನ ಸಮೇತ, ಎತ್ತಿಸಿದೆವು. ನೀರನ್ನು ಪರೀಕ್ಷೆಗೆ ಕಳುಹಿಸಲಾಗಿದೆ. ವರದಿ ಬಂದ ಕೂಡಲೇ ಸೂಚನಾ ಫಲಕದಲ್ಲಿ ಹಾಕುತ್ತೇವೆ. ಅಲ್ಲಿಯವರೆಗೆ ಆ ಮನೆಗೆ ನೆರೆಮನೆಯ ಬಾವಿಯ ನೀರು. ಸುಮ್ಮನೆ ಸುರಿಸಿಕೊಂಡ ಒಂದು ಲಾರಿ ಮರಳನ್ನು ಎತ್ತಿ ಸಾಗಿಸಲು, ಹೊಸ ಮರಳು ಕೊಂಡು ತರುವುದಕ್ಕಿಂತ ಹೆಚ್ಚು ಖರ್ಚಾಯಿತು ಎಂಬುದನ್ನು ಆ ಸದಸ್ಯರ ಅನುಮತಿಯಿಂದಲೇ ಇಲ್ಲಿ ಬರೆದಿದ್ದೇವೆ.

ಕೊಳ್ಳುವ ಮುನ್ನ

ಬೂದಿಯ ಇಟ್ಟಿಗೆ ಕೊಳ್ಳುವ ಸದಸ್ಯರು ಈ ಕೆಳಗಿನವನ್ನು ಪಾಲಿಸಬೇಕಾಗಿ ಕೋರುತ್ತೇವೆ.

1. ಬೂದಿ ಎಲ್ಲಿಯದು, ಒಣ ಬೂದಿಯೋ ಕೊಳದ ಬೂದಿಯೋ ಎಂದು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ.

2. ಇಟ್ಟಿಗೆ ಒತ್ತಿದ ತಾರೀಕು ಕೇಳಿ. 28 ದಿನ ತುಂಬದ ಮಾಲನ್ನು ಲಾರಿಗೆ ಏರಿಸಬೇಡಿ. ಮಳೆಗಾಲದ ಮುಂಚೆ ಬೇಕಾದರೆ ಶಿವರಾತ್ರಿಯ ಹೊತ್ತಿಗೇ ಆರ್ಡರು ಕೊಡಿ.

3. ಹಾರುಬೂದಿ-ಸುಣ್ಣದ ಇಟ್ಟಿಗೆಗೆ ಭಾರತೀಯ ಮಾನಕ 12894, ಹಾರುಬೂದಿ-ಸಿಮೆಂಟ್ ಇಟ್ಟಿಗೆಗೆ 16720. ಪರೀಕ್ಷಾ ವರದಿ ಕೇಳಿ. ಚದರ ಮಿಲಿಮೀಟರಿಗೆ 7.5 ನ್ಯೂಟನ್, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 75 ಕಿಲೋ ಭಾರ ತಾಳುವ ಇಟ್ಟಿಗೆ ನಮ್ಮ ಕೆಲಸಕ್ಕೆ ಸಾಕು. ಚಿರೆಕಲ್ಲಿಗೆ ಮಾನಕ ಹೇಳುವ ಕನಿಷ್ಠ ಭಾರ ಇದರ ಅರ್ಧಕ್ಕಿಂತ ಕಡಿಮೆ.

4. ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಿ. ಚೆನ್ನಾಗಿ ಒಣಗಿದ ಇಟ್ಟಿಗೆಯನ್ನು ತೂಗಿ, 24 ಗಂಟೆ ನೀರಿನಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಗಿ. 3 ಕಿಲೋ ಇದ್ದದ್ದು 3 ಕಿಲೋ 600 ಗ್ರಾಂ ಮೀರಿದರೆ, ಅಂದರೆ ನೂರಕ್ಕೆ 20ಕ್ಕಿಂತ ಹೆಚ್ಚು ನೀರು ಕುಡಿದರೆ, ಆ ಮಾಲು ಬೇಡ. ನೆನೆದ ಇಟ್ಟಿಗೆಯ ಮೂಲೆಯನ್ನು ಉಗುರಿನಿಂದ ಕೆರೆದಾಗ ಪುಡಿ ಉದುರಿದರೂ ಬೇಡ.

5. ಇಟ್ಟಿಗೆ ಕತ್ತರಿಸುವಾಗ, ಕೊರೆಯುವಾಗ ನೀರು ಹಾಕಿಸಿ, ಆಳುಗಳ ಮೂಗು ಬಾಯಿಗೆ ಸರಿಯಾದ ಮುಸುಕು ಕೊಡಿ. ಸಿಲಿಕಾ ದೂಳಿನಿಂದ ಬರುವ ಸಿಲಿಕೋಸಿಸ್ ಗುಣವಾಗದ ರೋಗ. ನಮ್ಮ ಗೋಡೆ ಕಟ್ಟುವವರ ಎದೆಯೂ ನಮ್ಮ ಜವಾಬ್ದಾರಿಯೇ.

6. ಎರಕದ ಮರಳು, ಕಿಟ್ಟ, ಯಾವುದೇ ಕಾರ್ಖಾನೆಯ ಪುಡಿ ಪುಕ್ಕಟೆ ಬಂದರೆ, ಕಾರ್ಖಾನೆಯ ಹೆಸರು ಮತ್ತು ಪ್ರಯೋಗಾಲಯದ ವರದಿ ಇಲ್ಲದೆ ಇಳಿಸಿಕೊಳ್ಳಬೇಡಿ. ಸಂಶಯವಿದ್ದರೆ ಸಂಘಕ್ಕೆ ತಿಳಿಸಿ. ಲಾರಿ ರಸ್ತೆಯಲ್ಲಿ ಅರ್ಧ ದಿನ ನಿಂತರೂ ನಷ್ಟವಿಲ್ಲ.

ಕಮಿಟಿಯ ನಿರ್ಣಯವನ್ನೂ ತಿಳಿಸಿ ಮುಗಿಸುತ್ತೇವೆ. ಉಗ್ರಾಣದ ವಿಸ್ತರಣೆಗೆ ಬೂದಿಯ ಇಟ್ಟಿಗೆಯನ್ನೇ ಬಳಸುವುದೆಂದೂ, ಮೇಲಿನ ಷರತ್ತುಗಳನ್ನು ಟೆಂಡರಿನಲ್ಲಿ ಸೇರಿಸುವುದೆಂದೂ, ಪ್ರತಿ ಲಾರಿಯಿಂದ ಐದು ಇಟ್ಟಿಗೆಗಳನ್ನು ಸಂಘದ ತೊಟ್ಟಿಯಲ್ಲಿ ನೆನೆಸಿ ತೂಗಿದ ಮೇಲೆಯೇ ಹಣ ಕೊಡುವುದೆಂದೂ ಬಹುಮತದಿಂದ ತೀರ್ಮಾನವಾಗಿದೆ. ತಳದ ಮೂರು ವರಸೆ ಮಾತ್ರ ಚಿರೆಕಲ್ಲಿನದು. ವಿರೋಧಿಸಿದ ಹಿರಿಯರ ಮಾತಿಗೂ ಬೆಲೆ ಕೊಟ್ಟಂತಾಯಿತು. ಹಿಂಬದಿಯ ಹಳೆಯ ಗೋಡೆಯನ್ನು ಈ ಬೇಸಿಗೆಯಲ್ಲಿ ಕೆಡವಲಾಗುವುದು. ಹೊಸ ಗೋಡೆ ಎರಡು ಮಳೆಗಾಲ ಕಂಡ ಮೇಲೆ ಹೇಗಿದೆ ಎಂಬುದನ್ನು, ಚೆನ್ನಾಗಿದ್ದರೂ ಕೆಟ್ಟಿದ್ದರೂ, ಇದೇ ಪತ್ರಿಕೆಯಲ್ಲಿ ವರದಿ ಮಾಡುತ್ತೇವೆ.